ಮಗಳು ದೊಡ್ಡವಳಾದ ಸುದ್ದಿ ನನಗಿಂತ ಮೊದಲು ಅಜ್ಜಿಗೆ ಗೊತ್ತಾಯಿತು

ಪ್ರಶ್ನೆ: ನಾವು ನಾಗರಬಾವಿಯಲ್ಲಿದ್ದೇವೆ. ನನಗೆ ವೈಟ್‌ಫೀಲ್ಡ್‌ನಲ್ಲಿ ಕೆಲಸ. ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟರೆ ವಾಪಸ್ ಬರುವಾಗ ರಾತ್ರಿ ಎಂಟಾಗುತ್ತದೆ. ಮಗಳಿಗೆ 12 ವರ್ಷ, ಏಳನೇ ಕ್ಲಾಸು. ಅವಳು ಎಂಟು ತಿಂಗಳ ಕೂಸಾಗಿದ್ದಾಗ ನಾನು ಕೆಲಸಕ್ಕೆ ಹೋಗಲೇಬೇಕಾಯಿತು. ಹಾಗಾಗಿ ಐದು ವರ್ಷ ತುಂಬುವವರೆಗೆ ತಿಪಟೂರಿನಲ್ಲಿ ನನ್ನ ಅಮ್ಮನ ಹತ್ತಿರ ಬೆಳೆದಳು. ನಾವು ಶನಿವಾರ ಹೋಗಿ ಭಾನುವಾರ ಬರುತ್ತಿದ್ದೆವು. ಆಮೇಲೆ ಸ್ಕೂಲಿಗೆ ಸೇರಿಸಲು ಇಲ್ಲಿಗೆ ಕರೆದುಕೊಂಡು ಬಂದೆವು. ಮೊದಮೊದಲು ಅಜ್ಜಿಯ ಫೋನ್ ಬಂದರೆ ತುಂಬಾ ಅಳುತ್ತಿದ್ದಳು. ಅದಕ್ಕೆ ಕೆಲವು ತಿಂಗಳು ಫೋನ್ ಮಾಡಿಸುವುದನ್ನೇ ಕಡಿಮೆ ಮಾಡಿದೆವು. ಹೊಂದಿಕೊಂಡಳು. ಚೆನ್ನಾಗಿಯೇ ಇದ್ದಳು.

ಈಗ ಒಂದು ವರ್ಷದಿಂದ ರೂಮಿನ ಬಾಗಿಲು ಹಾಕಿಕೊಂಡಿರುತ್ತಾಳೆ. ಏನು ಕೇಳಿದರೂ ‘ಏನಿಲ್ಲ’. ಕೆಲವು ರಾತ್ರಿ ತಾನಾಗಿ ಬಂದು ನನ್ನ ಪಕ್ಕ ಮಲಗುತ್ತಾಳೆ, ಬೆಳಿಗ್ಗೆ ಎದ್ದರೆ ಮತ್ತೆ ಮುಖ ಗಂಟು. ಕಳೆದ ತಿಂಗಳು ದೊಡ್ಡವಳಾದಳು. ಸ್ಕೂಲಿನಿಂದ ಬಂದಮೇಲೆ ಗೊತ್ತಾಗಿದೆ. ಮನೆಯಲ್ಲಿ ಕೆಲಸದ ಅಕ್ಕ ಇದ್ದರು, ಅವರಿಗೂ ಹೇಳಿಲ್ಲ, ನನಗೂ ಫೋನ್ ಮಾಡಿಲ್ಲ. ತಿಪಟೂರಿಗೆ ಮಾಡಿದ್ದಾಳೆ. ನನಗೆ ಅಮ್ಮ ತಿಳಿಸಿದರು. ನನಗೆ ಬೇಜಾರಾಗಿ ಅತ್ತರೆ ಮಾತ್ರ ಹತ್ತಿರ ಬರುತ್ತಾಳೆ, ಕಾಫಿ ಮಾಡಿಕೊಟ್ಟು ‘ಅಳಬೇಡಮ್ಮಾ, ನಾನಿದೀನಲ್ಲ’ ಎನ್ನುತ್ತಾಳೆ. ಆಗ ಎಷ್ಟು ಒಳ್ಳೆಯ ಹುಡುಗಿ ಅನಿಸುತ್ತದೆ.

ಸಿಟ್ಟಿನಲ್ಲಿ ಒಂದೆರಡು ಸಲ ‘ಹೀಗೇ ಆಡಿದ್ರೆ ಹಾಸ್ಟೆಲಿಗೆ ಹಾಕ್ತೀನಿ’ ಎಂದಿದ್ದೇನೆ. ನಮ್ಮ ಯಜಮಾನರು ನಿಜವಾಗಿಯೂ ರೆಸಿಡೆನ್ಷಿಯಲ್ ಸ್ಕೂಲ್ ವಿಚಾರಿಸುತ್ತಿದ್ದಾರೆ, ಶಿಸ್ತು ಬರುತ್ತದೆ ಅಂತ. ಮೊನ್ನೆ ಒಂದು ವಿಡಿಯೊ ನೋಡಿದೆ. ಮೊದಲ ಮೂರು ವರ್ಷದಲ್ಲಿ ತಾಯಿಯ ಜೊತೆ ಅಟ್ಯಾಚ್‌ಮೆಂಟ್ ಆಗದಿದ್ದರೆ ಆಮೇಲೆ ಏನು ಮಾಡಿದರೂ ಆಗುವುದಿಲ್ಲವಂತೆ. ನಿಜವಾ? ನಾನು ಕೆಲಸ ಬಿಟ್ಟುಬಿಡಲಾ?

– ಒಬ್ಬ ತಾಯಿ, ಬೆಂಗಳೂರು

ಉತ್ತರ: ನೀವು ಕೇಳಿರುವುದು ಎರಡು ಪ್ರಶ್ನೆ. ಆದರೆ ಪತ್ರದ ತುಂಬಾ ಇರುವ ಭಯ ಬೇರೆ: ಇವಳು ನನ್ನ ಮಗಳಾಗಿ ಉಳಿದಿದ್ದಾಳಾ, ಇಲ್ಲಾ ನಮ್ಮಮ್ಮನ ಮಗಳಾಗಿಬಿಟ್ಟಳಾ? ಅದಕ್ಕೇ ಮೊದಲು ಉತ್ತರ ಹೇಳಿಬಿಡುತ್ತೇನೆ. ನೀವು ಬರೆದಿರುವುದರಲ್ಲಿ ಬಾಂಧವ್ಯ, ಅಂದರೆ ನೀವು ಹೇಳಿದ ಅಟ್ಯಾಚ್‌ಮೆಂಟ್, ಮುರಿದುಬಿದ್ದ ಲಕ್ಷಣ ನನಗೆ ಕಾಣುತ್ತಿಲ್ಲ. ಹಾಕಿದ ಬಾಗಿಲು, ಅಜ್ಜಿಗೆ ಹೋದ ಫೋನು ಎರಡೂ ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಕಾಡಿದ್ದು ನೀವು ಸುಮ್ನೆ ಹೇಳಿ ಮುಂದೆ ಹೋದ ಎರಡು ಮಾತು. ಒಂದು ಕಾಫಿಯದು, ಇನ್ನೊಂದು ಹಾಸ್ಟೆಲಿನದು. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಆ ವಿಡಿಯೊ. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಒಂದು ವರದಿ ಕೊಟ್ಟರು. ಎರಡನೇ ಮಹಾಯುದ್ಧದ ನಂತರ ಮನೆ ಇಲ್ಲದೆ ಅನಾಥಾಲಯಗಳಲ್ಲಿ ಬೆಳೆಯುತ್ತಿದ್ದ ಮಕ್ಕಳ ಬಗ್ಗೆ ಬರೆಸಿದ ವರದಿ ಅದು. ಚಿಕ್ಕ ವಯಸ್ಸಿನಲ್ಲಿ ನನ್ನವರು ಅಂತ ಒಬ್ಬರೂ ಸಿಗದಿದ್ದರೆ ಮಗುವಿಗೆ ಎಂಥ ಪೆಟ್ಟು ಬೀಳುತ್ತದೆ ಅಂತ ಅವರು ಗಟ್ಟಿಯಾಗಿ ಹೇಳಿದರು. ಆ ಮಾತು ಬಾಯಿಂದ ಬಾಯಿಗೆ ಹೋಗುತ್ತಾ ಹೋಗುತ್ತಾ ‘ತಾಯಿ ಕೆಲಸಕ್ಕೆ ಹೋದರೆ ಮಗು ಕೈಬಿಟ್ಟು ಹೋಯಿತು’ ಎಂದಾಗಿಬಿಟ್ಟಿದೆ. ಅನಾಥಾಲಯಕ್ಕೂ ಅಜ್ಜಿಯ ಮಡಿಲಿಗೂ ವ್ಯತ್ಯಾಸ ಇದೆ, ಅಲ್ವಾ?

ಕೂಸಿದ್ದಾಗ ಕಂಡ ಬಾಂಧವ್ಯ ದೊಡ್ಡವರಾದ ಮೇಲೂ ಹಾಗೇ ಉಳಿಯುತ್ತದಾ ಅಂತ ನೋಡಲು ಅಮೆರಿಕದಲ್ಲಿ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳಿವೆ. 2000ದಲ್ಲಿ ಪ್ರಕಟವಾದ ಎರಡನ್ನು ಹೇಳುತ್ತೇನೆ. ಒಂದರಲ್ಲಿ ಮಧ್ಯಮ ವರ್ಗದ 50 ಜನ ಇದ್ದರು. ಒಂದು ವರ್ಷದ ಕೂಸಾಗಿದ್ದಾಗ ಅಮ್ಮನ ಮೇಲೆ ಭರವಸೆ ಇದ್ದ ‘ಸುರಕ್ಷಿತ’, ಅದು ಅಷ್ಟಾಗಿ ಇಲ್ಲದ ‘ಅಸುರಕ್ಷಿತ’ ಎಂಬ ಎರಡು ಗುಂಪಿನಲ್ಲಿ ಯಾರು ಎಲ್ಲಿದ್ದರೋ, ಇಪ್ಪತ್ತು ವರ್ಷದ ಮೇಲೂ ಅಲ್ಲೇ ಇದ್ದವರು ಶೇ 72. ಉಳಿದವರು ಬದಲಾಗಿದ್ದರು. ಅಪ್ಪ ಅಥವಾ ಅಮ್ಮನ ಸಾವು, ಡೈವೋರ್ಸ್, ದೊಡ್ಡ ಕಾಯಿಲೆ ಇಂಥ ಪೆಟ್ಟು ತಿಂದ ಮನೆಗಳಲ್ಲಿ ಈ ಬದಲಾವಣೆ ಜಾಸ್ತಿ. ಇನ್ನೊಂದು ಅಧ್ಯಯನ ಮಿನ್ನೆಸೋಟದ್ದು, ಬಡತನದ ಮನೆಗಳ ಮಕ್ಕಳದ್ದು. ಅಲ್ಲಿ ಮೊದಲ ವರ್ಷಕ್ಕೂ ಹದಿಹರೆಯದ ಕೊನೆಗೂ ಹೇಳಿಕೊಳ್ಳುವಂಥ ಸಂಬಂಧವೇ ಸಿಗಲಿಲ್ಲ. ಎಳೆಯ ವಯಸ್ಸಿನಲ್ಲಿ ಸಿಕ್ಕಿದ್ದಕ್ಕೆ ಬೆಲೆ ಇದೆ, ಖಂಡಿತ ಇದೆ. ಆದರೆ ಅದು ಹಣೆಬರಹ ಆಗುವುದಿಲ್ಲ. ಆಮೇಲಿನ ವರ್ಷಗಳಲ್ಲಿ ಮನೆ ಹೇಗಿತ್ತು ಅನ್ನುವುದು ಅದನ್ನು ಎರಡೂ ಕಡೆಗೆ ಎಳೆಯುತ್ತದೆ.

ವಿಡಿಯೊದವರು ಹೇಳದ ಇನ್ನೊಂದು ವಿಷಯ ಇದೆ. ಏಳು ವರ್ಷ ಆದ ನಂತರ ಈ ಬಾಂಧವ್ಯದ ರೂಪವೇ ಬದಲಾಗುತ್ತದೆ.

ಕೂಸು ಹೆದರಿದರೆ ಅಮ್ಮನ ಮೈಗೆ ಅಂಟಿಕೊಳ್ಳುತ್ತದೆ. ಧೈರ್ಯ ಬಂದಮೇಲೆ ತಾನಾಗಿ ಇಳಿದು ಆಟಕ್ಕೆ ಹೋಗುತ್ತದೆ. ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ 1954–55ರಲ್ಲಿ ಉಗಾಂಡಾದ ಹಳ್ಳಿಮನೆಗಳಲ್ಲಿ ಕೂತು ಗಮನಿಸಿದ್ದು ಇದನ್ನೇ. ಸುರಕ್ಷಿತ ಬಾಂಧವ್ಯ ಅಂದರೆ ಈ ಹೋಗಿಬರುವ ಆಟ ಸಲೀಸಾಗಿ ನಡೆಯುವುದು. ಸ್ಕೂಲಿಗೆ ಹೋಗುವ ವಯಸ್ಸಿಗೆ ಮೈ ಹತ್ತಿರ ಇರಲೇಬೇಕು ಅನ್ನುವ ಅಗತ್ಯ ಕಡಿಮೆಯಾಗುತ್ತದೆ. ಅದರ ಜಾಗಕ್ಕೆ ಒಂದು ಲೆಕ್ಕಾಚಾರ ಬರುತ್ತದೆ: ಕರೆದರೆ ಸಿಗುತ್ತಾರಾ? ಸಿಕ್ಕರೆ ಕೇಳಿಸಿಕೊಳ್ಳುತ್ತಾರಾ? ಹೇಳಿದ್ದಕ್ಕೆ ಬೈಸಿಕೊಳ್ಳಬೇಕಾಗುತ್ತದಾ? ಮಗು ಇದನ್ನು ಬಾಯಿಬಿಟ್ಟು ಕೇಳುವುದಿಲ್ಲ. ಸಣ್ಣಸಣ್ಣ ವಿಷಯ ಇಟ್ಟು ಪರೀಕ್ಷೆ ಮಾಡುತ್ತದೆ. ಟೆಸ್ಟ್‌ನಲ್ಲಿ ಹನ್ನೆರಡು ಬಂತು ಅಂತ ಹೇಳಿ ನಿಮ್ಮ ಮುಖ ನೋಡುತ್ತದೆ. ಆ ಮುಖ ನೋಡಿಯೇ ಮುಂದಿನ ದೊಡ್ಡ ಸುದ್ದಿಯನ್ನು ಹೇಳಬೇಕಾ ಬೇಡವಾ ಅಂತ ತೀರ್ಮಾನ ಮಾಡುತ್ತದೆ.

ಅದಕ್ಕೇ ಈ ವಯಸ್ಸಿನವರ ಬಾಂಧವ್ಯ ಅಳೆಯುವ ವಿಧಾನವೂ ಬೇರೆ. ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಕ್ಯಾಥರಿನ್ ಕರ್ನ್ಸ್ 1996ರಲ್ಲಿ ಮಕ್ಕಳಿಗಾಗಿ ಒಂದು ಪ್ರಶ್ನಾವಳಿ ಮಾಡಿದರು. ಕೆಲವು ಮಕ್ಕಳಿಗೆ ಅಮ್ಮನನ್ನು ನಂಬುವುದು ಸುಲಭ, ಕೆಲವರಿಗೆ ಕಷ್ಟ, ನೀನು ಯಾರ ಹಾಗೆ? ಈ ಧಾಟಿಯ ಪ್ರಶ್ನೆಗಳು. ದಿನಕ್ಕೆ ಎಷ್ಟು ಗಂಟೆ ಜೊತೆಗಿರುತ್ತೀರಿ, ಎಷ್ಟು ಸಲ ತಬ್ಬಿಕೊಳ್ಳುತ್ತೀರಿ ಅಂತ ಅಲ್ಲಿ ಕೇಳುವುದಿಲ್ಲ. ಏಳರಿಂದ ಹನ್ನೆರಡರ ಮಕ್ಕಳನ್ನು ಮಾತಾಡಿಸಿದಾಗ ಕಂಡ ಇನ್ನೊಂದು ಸಂಗತಿ ನಿಮ್ಮಂಥ ಅಪ್ಪ ಅಮ್ಮಂದಿರಿಗೆ ಸಮಾಧಾನ ಕೊಡುತ್ತದೆ. ಆಟಕ್ಕೆ, ಹರಟೆಗೆ ಮಕ್ಕಳು ಫ್ರೆಂಡ್ಸ್ ಕಡೆ ವಾಲುತ್ತಾರೆ. ಹೆದರಿಕೆ, ಸಂಕಟ ಬಂದಾಗ ಮಾತ್ರ ಇನ್ನೂ ಮನೆಯವರನ್ನೇ ಹುಡುಕುತ್ತಾರೆ. ಫ್ರೆಂಡ್ಸ್ ಜಾಸ್ತಿಯಾದರು ಅಂದಮಾತ್ರಕ್ಕೆ ನಿಮ್ಮ ಜಾಗ ಹೋಯಿತು ಅಂತಲ್ಲ.

ಈಗ ನಿಮ್ಮ ಮಗಳ ಫೋನಿಗೆ ಬರೋಣ. ಭಯ ಆಯಿತು. ಕೂಡಲೇ ತನ್ನವರೊಬ್ಬರಿಗೆ ಫೋನ್ ಮಾಡಿದಳು. ಬಾಂಧವ್ಯ ಕೆಟ್ಟ ಮಗು ಮಾಡುವ ಕೆಲಸ ಅಲ್ಲ ಇದು. ಯಾರಿಗೂ ಹೇಳದೆ, ಬಟ್ಟೆ ಬಚ್ಚಿಟ್ಟು, ಎರಡು ದಿನ ಒಬ್ಬಳೇ ಒದ್ದಾಡಿದ್ದರೆ ನಾನು ಬೇರೆ ಥರದ ಉತ್ತರ ಬರೆಯುತ್ತಿದ್ದೆ. ಆ ಹೊತ್ತಿಗೆ ನೀವು ಮೀಟಿಂಗಿನಲ್ಲಿ ಇರುತ್ತೀರಿ ಅಂತ ಅವಳಿಗೆ ಗೊತ್ತು. ಅಜ್ಜಿ ಫೋನ್ ಎತ್ತುತ್ತಾರೆ ಅಂತಲೂ ಗೊತ್ತು. ಇದರಲ್ಲಿ ನಿಮ್ಮ ಮೇಲಿನ ತೀರ್ಪು ಹುಡುಕಬೇಡಿ. ನಿಮಗೆ ನೋವಾಗಿದ್ದು ಸಹಜ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಆ ನೋವನ್ನು ಅವಳ ಎದುರು ‘ನನಗೆ ಯಾಕೆ ಹೇಳಲಿಲ್ಲ?’ ಅಂತ ಇಟ್ಟರೆ ಅವಳಿಗೆ ಕೇಳಿಸುವುದು ‘ಅಜ್ಜಿಗೆ ಹೇಳಿದ್ದು ತಪ್ಪು’ ಅಂತ. ಮುಂದಿನ ಸಲ ಅಜ್ಜಿಗೂ ಹೇಳುವುದಿಲ್ಲ.

ಮಕ್ಕಳ ಪ್ರೀತಿ ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಕಡಿಮೆಯಾಗುವಂಥದ್ದಲ್ಲ. ನಮ್ಮ ಕಡೆಯ ಮನೆಗಳಲ್ಲಿ ಅಜ್ಜಿ, ದೊಡ್ಡಮ್ಮ, ಸೋದರತ್ತೆ ಅಂತ ನಾಲ್ಕು ಕೈಯಲ್ಲಿ ಮಕ್ಕಳು ಬೆಳೆದಿದ್ದಾರೆ. ಐನ್ಸ್‌ವರ್ತ್ ಉಗಾಂಡಾದಲ್ಲಿ ನೋಡಿದ ಕೂಸುಗಳೂ ಬರೀ ತಾಯಿಗೆ ಅಂಟಿಕೊಂಡಿರಲಿಲ್ಲ. ನಂಬುವುದು ಹೇಗೆ ಅಂತ ನಿಮ್ಮ ಮಗಳು ತಿಪಟೂರಿನಲ್ಲಿ ಕಲಿತು ಬಂದಿದ್ದಾಳೆ. ಅದು ನಿಮಗೂ ಉಪಯೋಗಕ್ಕೆ ಬರುವ ಬಂಡವಾಳ.

ಆದರೆ ಆ ಐದನೇ ವರ್ಷ ಇದೆಯಲ್ಲ, ಅಲ್ಲಿ ಸ್ವಲ್ಪ ನಿಲ್ಲಬೇಕು. ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನಂಥವರ ಹತ್ತಿರ ಈ ಕಥೆ ಮತ್ತೆ ಮತ್ತೆ ಬರುತ್ತದೆ. ಊರು ಹಾಸನ ಇರಬಹುದು, ಶಿವಮೊಗ್ಗ, ದಾವಣಗೆರೆ ಇರಬಹುದು. ಮಗು ಅಜ್ಜಿಯ ಹತ್ತಿರ ಇರುತ್ತದೆ, ಜೂನ್ ಹತ್ತಿರ ಬಂದಾಗ ಸ್ಕೂಲಿಗಾಗಿ ಇಲ್ಲಿಗೆ ಬರುತ್ತದೆ. ಅಪ್ಪ ಅಮ್ಮನಿಗೆ ಅದು ಖುಷಿಯ ದಿನ, ಮಗು ಮನೆಗೆ ಬಂತು. ಮಗುವಿನ ಲೆಕ್ಕದಲ್ಲಿ ಅವತ್ತು ಮನೆ ಬಿಟ್ಟಿದ್ದು. ದಿನಾ ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಿದ್ದವರು ಒಂದು ದಿನ ಇದ್ದಕ್ಕಿದ್ದಂತೆ ಫೋನಿನೊಳಗೆ ಹೋದರು. ಅತ್ತಳು. ಅಳುತ್ತಾಳೆ ಅಂತ ಫೋನೂ ಕಡಿಮೆಯಾಯಿತು. ನೀವು ಕೆಟ್ಟ ಮನಸ್ಸಿನಿಂದ ಮಾಡಲಿಲ್ಲ. ಹೆಚ್ಚಿನವರು ಮಾಡುವುದೇ ಹಾಗೆ, ಅಕ್ಕಪಕ್ಕದವರೂ ಅದನ್ನೇ ಹೇಳಿಕೊಡುತ್ತಾರೆ. ಮಗು ಆಮೇಲೆ ಅಳು ನಿಲ್ಲಿಸಿದರೆ ಹೊಂದಿಕೊಂಡಿತು ಅಂದುಕೊಳ್ಳುತ್ತೇವೆ. ಕೆಲವು ಮಕ್ಕಳು ನಿಜವಾಗಿಯೂ ಹೊಂದಿಕೊಳ್ಳುತ್ತವೆ. ಕೆಲವು ಮಕ್ಕಳು ಅಳುವುದರಿಂದ ಲಾಭ ಇಲ್ಲ ಅಂತ ಕಲಿಯುತ್ತವೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ನಿಮ್ಮ ಮಗಳಲ್ಲಿ ಎರಡೂ ಸ್ವಲ್ಪ ಸ್ವಲ್ಪ ಇರಬಹುದು ಅಂತ ನನ್ನ ಊಹೆ. ಆ ‘ಏನಿಲ್ಲ’ ಅಲ್ಲಿಂದ ಬಂದಿರಲೂಬಹುದು.

ಹನ್ನೆರಡು ವರ್ಷ ಅನ್ನುವುದೂ ತನ್ನ ಪಾಲು ಸೇರಿಸುತ್ತದೆ. ಮೈ ಬದಲಾಗುತ್ತಿದೆ, ಸ್ನಾನ, ಬಟ್ಟೆ, ಬಾಗಿಲು ಎಲ್ಲದರಲ್ಲೂ ತನ್ನದು ಅಂತ ಒಂದು ಗೆರೆ ಬೇಕಾಗಿದೆ. ಇಷ್ಟು ದಿನ ಸಮಾಧಾನ ಮಾಡುತ್ತಿದ್ದ ವಿಧಾನಗಳೂ ಕೆಲಸ ಮಾಡುವುದಿಲ್ಲ. ಮಿನ್ನೆಸೋಟ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಮಕ್ಕಳು ಅಪರಿಚಿತರ ಮುಂದೆ ಭಾಷಣ ಮಾಡಬೇಕು. ತಯಾರಿಗೆ ಕೆಲವರ ಜೊತೆ ಅಪ್ಪ ಅಥವಾ ಅಮ್ಮ ಇದ್ದರು, ಕೆಲವರ ಜೊತೆ ಅಪರಿಚಿತರು. ಒಂಬತ್ತು ಹತ್ತು ವರ್ಷದವರಲ್ಲಿ ಅಪ್ಪ ಅಮ್ಮ ಜೊತೆಗಿದ್ದರೆ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಏರಲೇ ಇಲ್ಲ. ಹದಿನೈದು ಹದಿನಾರರವರಲ್ಲಿ ಅಪ್ಪ ಅಮ್ಮ ಇದ್ದರೂ ಅದು ಏರಿತು. ನಿಮ್ಮ ಮಗಳು ಈ ಎರಡು ದಡದ ನಡುವೆ ಇದ್ದಾಳೆ. ಹಗಲು ಬಾಗಿಲು ಹಾಕಿಕೊಳ್ಳುವುದೂ, ರಾತ್ರಿ ಬಂದು ಪಕ್ಕ ಮಲಗುವುದೂ ಒಂದೇ ಹುಡುಗಿಯ ಎರಡು ಅಗತ್ಯ. ನಾಟಕ ಅಂತ ತಿಳಿಯಬೇಡಿ. ಬಂದು ಮಲಗಿದಾಗ ಜಾಗ ಬಿಡಿ, ಅಷ್ಟೆ. ‘ಈಗ ಅಮ್ಮ ಬೇಕಾಯ್ತಾ?’ ಅನ್ನುವ ಒಂದು ಮಾತು ಸಾಕು, ಮತ್ತೆ ಬರುವುದಿಲ್ಲ. ಹಾಗೆಯೇ, ಹತ್ತಿರ ಸಿಕ್ಕಳು ಅಂತ ಆಗಲೇ ಸ್ಕೂಲಿನ ವಿಚಾರಣೆ ಶುರುಮಾಡಲೂ ಬೇಡಿ.

ಈಗ ಕಾಫಿಯ ವಿಷಯ.

ಅಮ್ಮ ಅತ್ತರೆ ಮಗಳು ನೀರು ತಂದುಕೊಡುವುದು ಒಳ್ಳೆಯ ಗುಣವೇ. ಆದರೆ ನೀವು ‘ಅತ್ತರೆ ಮಾತ್ರ’ ಅಂತ ಬರೆದಿದ್ದೀರಿ. ಅವಳು ನಿಮ್ಮ ಹತ್ತಿರ ಬರಲು ಇರುವ ಸಲೀಸಾದ ದಾರಿ ನಿಮ್ಮನ್ನು ನೋಡಿಕೊಳ್ಳುವುದು ಎಂದಾಗಿಬಿಟ್ಟಿದ್ದರೆ ಪಾತ್ರ ತಿರುಗಿದೆ ಅಂತ ಅರ್ಥ. 1980ರ ದಶಕದಲ್ಲಿ ಆರು ವರ್ಷದ ಮಕ್ಕಳನ್ನು ಗಮನಿಸಿದ ಸಂಶೋಧಕಿಯರು, ಬಾಂಧವ್ಯ ಗಲಿಬಿಲಿಯಾಗಿದ್ದ ಕೆಲವು ಮಕ್ಕಳು ಅಪ್ಪ ಅಮ್ಮನ ಮೇಲೆ ದರ್ಪ ಮಾಡುವುದನ್ನೂ, ಇನ್ನು ಕೆಲವರು ಅತಿಯಾಗಿ ಆರೈಕೆ ಮಾಡುವುದನ್ನೂ ಕಂಡರು. ನಿಮ್ಮ ಮಗಳು ಆ ಗುಂಪು ಅಂತ ನಾನು ಹೇಳುತ್ತಿಲ್ಲ, ಒಂದು ಲೋಟ ಕಾಫಿಯಿಂದ ಹಾಗೆಲ್ಲ ಹೇಳಲು ಬರುವುದೂ ಇಲ್ಲ. ಆದರೆ ಇಂಥ ಮಕ್ಕಳನ್ನು ನಾವು ಹೊಗಳಿ ಹೊಗಳಿ ಗಟ್ಟಿಮಾಡುತ್ತೇವೆ. ‘ಎಷ್ಟು ಜಾಣೆ, ಅಮ್ಮನ ಕಷ್ಟ ಅರ್ಥ ಮಾಡಿಕೊಳ್ತಾಳೆ.’ ಅದನ್ನು ಕೇಳಿ ಬೆಳೆದವಳು ತನ್ನ ಕಷ್ಟ ಹೇಳಿ ಅಮ್ಮನಿಗೆ ಭಾರ ಆಗಬಾರದು ಅಂದುಕೊಳ್ಳುತ್ತಾಳೆ. ಅವತ್ತು ನಿಮಗೆ ಫೋನ್ ಮಾಡದೇ ಇದ್ದದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ನೀವು ಅಳಬಾರದು ಅಂತಲ್ಲ. ಬೆಳಿಗ್ಗೆ ಏಳೂವರೆಯಿಂದ ರಾತ್ರಿ ಎಂಟರವರೆಗೆ ಓಡುವ ಯಾರಿಗಾದರೂ ಅಳು ಬರುತ್ತದೆ. ಅವಳು ಕಾಫಿ ತಂದಾಗ ತೆಗೆದುಕೊಳ್ಳಿ, ‘ಥ್ಯಾಂಕ್ಸ್ ಪುಟ್ಟಾ. ಆಫೀಸಿಂದು, ನಾನು ನೋಡ್ಕೋತೀನಿ. ಇದು ನಿನ್ನ ತಲೆನೋವಲ್ಲ’ ಅಂತ ಹೇಳಿ. ಆಮೇಲೆ ನಿಜವಾಗಿಯೂ ಇನ್ಯಾರಿಗಾದರೂ ಹೇಳಿಕೊಳ್ಳಿ. ಗಂಡನಿಗೆ, ತಂಗಿಗೆ, ಫ್ರೆಂಡಿಗೆ. ಹೇಳಿಕೊಳ್ಳಲು ಯಾರೂ ಇಲ್ಲ ಅನ್ನುವುದಾದರೆ ಮಗಳಿಗಿಂತ ಮೊದಲು ನೀವೇ ಒಬ್ಬರು ಕೌನ್ಸೆಲರ್ ಹತ್ತಿರ ಹೋಗಿ. ಅದರಿಂದ ಅವಳಿಗೂ ಲಾಭ ಇದೆ.

ಹಾಸ್ಟೆಲಿನ ಮಾತು ಇದಕ್ಕಿಂತ ಹರಿತ. ಮಗುವನ್ನು ಹದ್ದುಬಸ್ತಿನಲ್ಲಿಡಲು ‘ಬಿಟ್ಟುಹೋಗ್ತೀನಿ’, ‘ಕಳಿಸಿಬಿಡ್ತೀನಿ’ ಅಂತ ಹೆದರಿಸುವುದು ಎಷ್ಟು ಆಳಕ್ಕೆ ಇಳಿಯುತ್ತದೆ ಅಂತ ಬೌಲ್ಬಿ ಎಪ್ಪತ್ತರ ದಶಕದಲ್ಲೇ ಬರೆದರು. ಮಕ್ಕಳು ಅದನ್ನು ಸಿಟ್ಟಿನ ಮಾತು ಅಂತ ತಳ್ಳಿಹಾಕುವುದಿಲ್ಲ. ಒಮ್ಮೆ ನಿಜವಾಗಿಯೂ ಜಾಗ ಬದಲಿಸಿ ಬಂದ ಮಗುವಂತೂ ತಳ್ಳಿಹಾಕಲು ಸಾಧ್ಯವೇ ಇಲ್ಲ. ಅಪ್ಪ ಫೋನಿನಲ್ಲಿ ಫೀಸು ವಿಚಾರಿಸುತ್ತಿರುವುದು ಅವಳ ಕಿವಿಗೆ ಬಿದ್ದಿಲ್ಲ ಅಂತ ನಿಮಗನಿಸುತ್ತದಾ? ಎರಡು ಬೆಡ್‌ರೂಮಿನ ಮನೆಯಲ್ಲಿ ಗುಟ್ಟು ಉಳಿಯುವುದಿಲ್ಲ. ಆ ಮಾತನ್ನು ವಾಪಸ್ ತೆಗೆದುಕೊಳ್ಳಿ, ಅವಳೆದುರಿಗೇ. ‘ಸಿಟ್ಟಲ್ಲಿ ಅಂದುಬಿಟ್ಟೆ, ತಪ್ಪಾಯ್ತು. ನೀನು ಏನು ಮಾಡಿದ್ರೂ ಅದಕ್ಕೋಸ್ಕರ ನಿನ್ನನ್ನ ಎಲ್ಲಿಗೂ ಕಳಿಸಲ್ಲ.’ ಹೇಳುವ ಮೊದಲು ಯಜಮಾನರ ಹತ್ತಿರ ಮಾತಾಡಿ. ನೀವು ಹೀಗೆ ಹೇಳಿ, ಮರುವಾರ ಸ್ಕೂಲಿನ ಬ್ರೋಷರ್ ಮನೆಗೆ ಬಂದರೆ ಕೆಲಸ ಕೆಟ್ಟಿತು.

ರೆಸಿಡೆನ್ಷಿಯಲ್ ಸ್ಕೂಲೇ ಕೆಟ್ಟದ್ದು ಅನ್ನುವವನಲ್ಲ ನಾನು. ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿ ಓದಿ ಚೆನ್ನಾಗಿ ಬೆಳೆದ ಮಕ್ಕಳು ನಮ್ಮ ಎಲ್ಲ ಊರುಗಳಲ್ಲೂ ಇದ್ದಾರೆ. ಮಗುವಿಗೇ ಹೋಗುವ ಆಸೆ ಇದ್ದರೆ, ಹೋಗುವಾಗ ಮನೆ ತನ್ನ ಹಿಂದೆ ಇದೆ ಅಂತ ಗೊತ್ತಿದ್ದರೆ, ಅದು ಬೇರೆ ಕಥೆ. ನಿಮ್ಮ ಮಗಳಿಗೆ ಈ ವರ್ಷ ಅದು ಎರಡನೇ ಸಲ ಬೇರು ಕೀಳುವುದು, ಅದೂ ಶಿಕ್ಷೆಯ ರೂಪದಲ್ಲಿ. ಶಿಸ್ತು ಬಂದ ಹಾಗೆ ಕಾಣಬಹುದು. ಹನ್ನೆರಡನೇ ವಯಸ್ಸಿನಲ್ಲಿ ಬಾಯಿ ಮುಚ್ಚಿಕೊಂಡ ಹುಡುಗಿಯೂ ಶಿಸ್ತಿನವಳ ಹಾಗೆಯೇ ಕಾಣುತ್ತಾಳೆ. ಈ ಆಯ್ಕೆ ಸದ್ಯಕ್ಕೆ ಬೇಡ ಅನ್ನುವುದೇ ನನ್ನ ಸಲಹೆ.

ಕೆಲಸ ಬಿಡುವ ವಿಷಯ. ಅಮೆರಿಕ ಸರ್ಕಾರದ ಮಕ್ಕಳ ಆರೋಗ್ಯ ಸಂಸ್ಥೆ 1991ರಿಂದ 1,300ಕ್ಕೂ ಹೆಚ್ಚು ಕುಟುಂಬಗಳನ್ನು ಹಿಂಬಾಲಿಸಿತು. ಕೂಸನ್ನು ಬೇರೆಯವರ ಹತ್ತಿರ ಬಿಟ್ಟು ಕೆಲಸಕ್ಕೆ ಹೋದದ್ದು ತಾನೇ ತಾನಾಗಿ ಬಾಂಧವ್ಯ ಕೆಡಿಸಲಿಲ್ಲ ಅಂತ 1997ರಲ್ಲಿ ಬಂದ ಅದರ ಫಲಿತಾಂಶ ಹೇಳಿತು. ಮಗುವಿನ ಅಳು, ಸನ್ನೆಗಳಿಗೆ ತಾಯಿ ಹೇಗೆ ಸ್ಪಂದಿಸುತ್ತಾಳೆ ಅನ್ನುವುದು ಹೆಚ್ಚು ಲೆಕ್ಕಕ್ಕೆ ಬಂತು. ತಾಯಿಯ ಸ್ಪಂದನೆಯೂ ಕಡಿಮೆ, ಜೊತೆಗೆ ಹೊರಗಿನ ಆರೈಕೆಯೂ ಕಳಪೆ ಅಥವಾ ದೀರ್ಘ ಅಂದಾಗ ಮಾತ್ರ ತೊಂದರೆ ಜಾಸ್ತಿಯಾಯಿತು. ಅದು ಕೂಸುಗಳ ಮಾತು. ಹನ್ನೆರಡರ ಹುಡುಗಿಗೆ ಇಡೀ ದಿನ ಮನೆಯಲ್ಲಿ ಕೂತು ತನ್ನ ರೂಮಿನ ಬಾಗಿಲು ನೋಡುತ್ತಿರುವ ಅಮ್ಮ ಬೇಕಾಗಿಲ್ಲ. ಇನ್ನೊಂದು ಅಪಾಯ, ಜಗಳದಲ್ಲಿ ಎಂದಾದರೂ ಒಂದು ದಿನ ‘ನಿನಗೋಸ್ಕರ ಕೆಲಸ ಬಿಟ್ಟೆ’ ಅನ್ನುವ ಮಾತು ಬಂದೇ ಬರುತ್ತದೆ. ಆ ಸಾಲ ತೀರಿಸಲು ಅವಳಿಂದ ಆಗುವುದಿಲ್ಲ. ಈ ಓಡಾಟ ಸಾಕು, ನನಗೇ ಬಿಡಬೇಕು ಅನಿಸಿದರೆ ಬಿಡಿ. ಅವಳ ಹೆಸರಿನಲ್ಲಿ ಬಿಡಬೇಡಿ. ವಾರಕ್ಕೆ ಎರಡು ದಿನ ಮನೆಯಿಂದಲೇ ಕೆಲಸ ಸಿಗುತ್ತದಾ, ಬೆಳಿಗ್ಗೆ ಬೇಗ ಹೋಗಿ ಸಂಜೆ ಬೇಗ ಬರಬಹುದಾ ಕೇಳಿ ನೋಡಿ. ಸಿಗದಿದ್ದರೂ ಮಾಡಲು ಇನ್ನೂ ಇದೆ.

ಉದಾಹರಣೆಗೆ ಫೋನು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 2010ರಲ್ಲಿ ಏಳರಿಂದ ಹನ್ನೆರಡು ವರ್ಷದ 61 ಹುಡುಗಿಯರಿಗೆ ಜನರ ಮುಂದೆ ಭಾಷಣ, ಲೆಕ್ಕ ಮಾಡಿಸಿದರು. ಆಮೇಲೆ ಕೆಲವರನ್ನು ಅಮ್ಮ ಬಂದು ತಬ್ಬಿಕೊಂಡರು, ಕೆಲವರ ಜೊತೆ ಅಮ್ಮ ಫೋನಿನಲ್ಲಿ ಮಾತಾಡಿದರು, ಉಳಿದವರಿಗೆ ಸಿನಿಮಾ ತೋರಿಸಿದರು. ಫೋನಿನಲ್ಲಿ ಬರೀ ದನಿ ಕೇಳಿದ ಹುಡುಗಿಯರೂ ತಬ್ಬಿಕೊಂಡವರ ಹಾಗೆಯೇ ಸಮಾಧಾನವಾದರು, ಹಾರ್ಮೋನುಗಳ ಲೆಕ್ಕದಲ್ಲಿ. ಎರಡು ವರ್ಷದ ನಂತರ ಅದೇ ತಂಡ ಚಾಟ್ ಮೆಸೇಜು ಪರೀಕ್ಷಿಸಿತು. ಅಮ್ಮನ ಜೊತೆ ಮೆಸೇಜಿನಲ್ಲಿ ಮಾತಾಡಿದವರಿಗೆ ಆ ಲಾಭ ಸಿಗಲಿಲ್ಲ. ಸಣ್ಣ ಪ್ರಯೋಗಗಳು, ಅತಿಯಾಗಿ ಹಿಗ್ಗಿಸಬೇಡಿ. ಆದರೂ ನಾನು ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರಿಗೆ ಇದನ್ನು ಹೇಳುತ್ತೇನೆ: ವಾಟ್ಸಾಪಿನಲ್ಲಿ ‘ಊಟ ಆಯ್ತಾ’ ಅಂತ ನಾಲ್ಕು ಸಲ ಕಳಿಸುವ ಬದಲು ಅವಳು ಸ್ಕೂಲಿನಿಂದ ಬರುವ ಹೊತ್ತಿಗೆ ಒಂದೇ ಸಲ ಫೋನ್ ಮಾಡಿ. ಎರಡು ನಿಮಿಷ ಸಾಕು. ಹೋಂವರ್ಕು ಕೇಳಬೇಡಿ. ಬಾಕ್ಸಿಗೆ ಹಾಕಿದ ಚಿತ್ರಾನ್ನಕ್ಕೆ ಉಪ್ಪು ಜಾಸ್ತಿ ಆಗಿತ್ತಾ ಅಂತ ಕೇಳಿ. ‘ಮೀಟಿಂಗ್‌ನಲ್ಲಿದ್ರೂ ನೀನು ಎರಡು ಸಲ ಬಿಡದೆ ಮಾಡಿದ್ರೆ ಎತ್ತೇ ಎತ್ತುತೀನಿ’ ಅಂತ ಒಂದು ಒಪ್ಪಂದ ಮಾಡಿಕೊಳ್ಳಿ. ಮಾಡಿಕೊಂಡರೆ ಪಾಲಿಸಲೇಬೇಕು. ಒಮ್ಮೆ ಸುಮ್ನೆ ಪರೀಕ್ಷೆಗೆ ಮಾಡುತ್ತಾಳೆ ನೋಡಿ. ಆಗ ರೇಗಬೇಡಿ.

ಐದನೇ ವರ್ಷದ ಮಾತನ್ನೂ ಎಂದಾದರೂ ಎತ್ತಿ. ಎದುರುಬದುರು ಕೂರಿಸಿಕೊಂಡು ಬೇಡ. ಈ ವಯಸ್ಸಿನವರು ಪಕ್ಕದಲ್ಲಿ ಕೂತಾಗ ಜಾಸ್ತಿ ಮಾತಾಡುತ್ತಾರೆ, ಸ್ಕೂಟರಿನ ಹಿಂದೆ, ತಲೆಗೆ ಎಣ್ಣೆ ಹಚ್ಚುವಾಗ, ತಿಪಟೂರಿನ ರೈಲಿನಲ್ಲಿ. ‘ನೀನು ಇಲ್ಲಿಗೆ ಬಂದಾಗ ಅಜ್ಜಿ ಬೇಕು ಅಂತ ಎಷ್ಟು ಅಳ್ತಿದ್ದೆ. ನಾವು ಫೋನೂ ಕಡಿಮೆ ಮಾಡಿಬಿಟ್ವಿ. ಆಗ ನಿನಗೆ ತುಂಬಾ ಕಷ್ಟ ಆಗಿರಬೇಕು’ ಅಂತ ಹೇಳಿ ಸುಮ್ಮನಾಗಿ. ಸಮರ್ಥನೆ ಸೇರಿಸಬೇಡಿ. ಅವಳು ‘ನಂಗೆ ನೆನಪಿಲ್ಲ’ ಅನ್ನಬಹುದು. ಪರವಾಗಿಲ್ಲ, ಕೇಳಿಸಿಕೊಂಡಿರುತ್ತಾಳೆ. ಅಜ್ಜಿಯ ಜೊತೆಗಿನ ಫೋನಿಗೆ ಅಡ್ಡಿ ಮಾಡಬೇಡಿ. ಏನು ಮಾತಾಡಿದೆ ಅಂತ ಅವಳನ್ನೂ ಕೇಳಬೇಡಿ, ನಿಮ್ಮ ಅಮ್ಮನನ್ನೂ ಗೂಢಚಾರಿಣಿ ಮಾಡಿಕೊಳ್ಳಬೇಡಿ. ರಜೆಯಲ್ಲಿ ಅಜ್ಜಿ ಇಲ್ಲಿಗೆ ಬಂದು ಸ್ವಲ್ಪ ದಿನ ಇದ್ದರೆ ಒಳ್ಳೆಯದು. ಮಗಳನ್ನೇ ಪೂರ್ತಿಯಾಗಿ ತಿಪಟೂರಿಗೆ ವಾಪಸ್ ಕಳಿಸುವ ಯೋಚನೆ ಕೆಲವರು ಮಾಡುತ್ತಾರೆ. ಅದೂ ಮತ್ತೊಮ್ಮೆ ಕಳಿಸುವುದೇ.

ನಿಮ್ಮ ಪತ್ರದಲ್ಲಿ ಅಪ್ಪ ಬರುವುದು ಸ್ಕೂಲು ವಿಚಾರಿಸಲು ಮಾತ್ರ! ಭಯ, ಅಳು ಬಂದಾಗ ಮಕ್ಕಳು ಅಮ್ಮನ ಕಡೆ ಹೋಗುವುದು ಜಾಸ್ತಿ. ಹೊಸದಕ್ಕೆ ಕೈ ಹಾಕುವಾಗ ಬೆನ್ನ ಹಿಂದೆ ಅಪ್ಪ ಇರುವುದನ್ನು ಬಯಸುತ್ತಾರೆ. ಅಮೆರಿಕದ ಶಾಲಾ ಮಕ್ಕಳಲ್ಲಿ ಹೀಗೆ ಕಂಡಿದೆ. ಇಲ್ಲೂ ಸೈಕಲ್ಲು, ಈಜು, ಒಬ್ಬಳೇ ಮೆಟ್ರೊ ಹತ್ತಿ ಬರುವುದು ಇಂಥವುಗಳಲ್ಲಿ ಅವರಿಗೆ ಮಾಡಲು ಬೇಕಾದಷ್ಟಿದೆ. ಶಿಸ್ತಿನ ಚಿಂತೆ ಇರುವವರು ಮೊದಲು ವಾರಕ್ಕೊಂದು ಸಂಜೆ ಅವಳ ಜೊತೆ ಕಳೆಯಲಿ.

ಒಂದು ಎಚ್ಚರಿಕೆ. ಇಂಥ ವಿಡಿಯೊಗಳ ಕೊನೆಗೆ ‘ನಿಮ್ಮ ಮಗುವಿಗೆ ಅಟ್ಯಾಚ್‌ಮೆಂಟ್ ಡಿಸಾರ್ಡರ್ ಇದೆಯಾ?’ ಅಂತ ಹತ್ತು ಪ್ರಶ್ನೆ ಇರುತ್ತವೆ. ಆ ಹೆಸರಿನ ಕಾಯಿಲೆ ಅಪರೂಪದ್ದು. ತೀವ್ರ ನಿರ್ಲಕ್ಷ್ಯದಲ್ಲಿ ಬೆಳೆದ ಮಕ್ಕಳಲ್ಲಿ ಕಾಣುವಂಥದ್ದು, ಐದು ವರ್ಷದೊಳಗೇ ಅದರ ಲಕ್ಷಣ ಇರಬೇಕು. ನಿಮ್ಮ ಮಗಳಿಗೂ ಅದಕ್ಕೂ ಸಂಬಂಧ ಇಲ್ಲ. ಮಗುವನ್ನು ಬಲವಂತವಾಗಿ ಹಿಡಿದು ಬಾಂಧವ್ಯ ಬೆಸೆಯುತ್ತೇವೆ ಅನ್ನುವ ಚಿಕಿತ್ಸೆ ಎಲ್ಲಾದರೂ ಕಂಡರೆ ಅಲ್ಲಿಂದ ಎದ್ದು ಬನ್ನಿ. ಅಮೆರಿಕದ ಕೊಲೊರಾಡೊದಲ್ಲಿ 2000ದಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಇಂಥದ್ದರಲ್ಲೇ ಉಸಿರುಕಟ್ಟಿ ಸತ್ತಳು.

ಯಾವಾಗ ತಜ್ಞರ ಹತ್ತಿರ ಹೋಗಬೇಕು? ಎರಡು ವಾರ ದಾಟಿದರೂ ಊಟ, ನಿದ್ದೆ ಕೆಟ್ಟೇ ಇದ್ದರೆ. ಸ್ಕೂಲಿಗೆ ಹೋಗುವುದಿಲ್ಲ ಅಂತ ಹಠ ಹಿಡಿದರೆ. ಮೊದಲಿದ್ದ ಫ್ರೆಂಡ್ಸನ್ನೂ ಬಿಟ್ಟರೆ, ಅಜ್ಜಿಯ ಫೋನನ್ನೂ ಎತ್ತದಿದ್ದರೆ. ಕೈ ಕುಯ್ದುಕೊಂಡ ಗುರುತು ಕಂಡರೆ ಅಥವಾ ಸಾಯುವ ಮಾತಾಡಿದರೆ ಒಂದು ದಿನವೂ ಕಾಯಬೇಡಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವೇ ಇದೆ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಖಾಸಗಿಯಾಗಿ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋಗುವುದಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಇದೆಯಾ ಅಂತ ಕೇಳಿ. ಕೇಳಲು ಸಂಕೋಚ ಬೇಡ, ಸರಿಯಾದವರು ಬೇಜಾರು ಮಾಡಿಕೊಳ್ಳುವುದಿಲ್ಲ. ಅಲ್ಲಿ ಮೊದಲ ಸಲ ಹೆಚ್ಚಾಗಿ ಅಪ್ಪ ಅಮ್ಮನ ಜೊತೆ ಮಾತಾಡುತ್ತಾರೆ, ಆಮೇಲೆ ಮಗಳ ಜೊತೆ ಬೇರೆಯಾಗಿ. ಅವಳು ಒಳಗೆ ಹೇಳಿದ್ದನ್ನೆಲ್ಲ ನಿಮಗೆ ಹೇಳುವುದಿಲ್ಲ. ಅಪಾಯದ ವಿಷಯ ಇದ್ದರೆ ಮಾತ್ರ ಹೇಳುತ್ತಾರೆ.

ಇಷ್ಟೆಲ್ಲ ಮಾಡಿದರೆ ಎಷ್ಟು ದಿನದಲ್ಲಿ ಸರಿಹೋಗುತ್ತದೆ ಅಂತ ಕೇಳಬಹುದು. ತಿಂಗಳುಗಳ ಲೆಕ್ಕ ಇಟ್ಟುಕೊಳ್ಳಿ, ವಾರಗಳದ್ದಲ್ಲ. ಬಾಗಿಲು ಹಾಕಿಯೇ ಇರುತ್ತದೆ, ಅದನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ನೋಡಬೇಕಾದ್ದು, ಕೆಟ್ಟ ಸುದ್ದಿ ನಿಮ್ಮ ಹತ್ತಿರ ಮೊದಲಿಗಿಂತ ಬೇಗ ಬರುತ್ತಿದೆಯಾ ಅಂತ. ಕಡಿಮೆ ಮಾರ್ಕ್ಸ್, ಫ್ರೆಂಡ್ ಜೊತೆ ಜಗಳ, ಕಳೆದುಹೋದ ವಾಟರ್ ಬಾಟಲ್. ಇನ್ನೊಂದು, ನಿಮ್ಮ ಮೇಲೆ ಸಿಟ್ಟು ಮಾಡಲು ಶುರುಮಾಡಬಹುದು. ‘ನೀನು ಯಾಕೆ ನನ್ನ ಅಜ್ಜಿ ಹತ್ರ ಬಿಟ್ಟಿದ್ದೆ?’ ಅಂತ ಕೂಗಾಡಬಹುದು. ಪರಿಸ್ಥಿತಿ ಹದಗೆಟ್ಟಿತು ಅಂತ ಆಗ ಹೆದರಿ ಮತ್ತೆ ಹಾಸ್ಟೆಲಿನ ಮಾತು ತೆಗೆಯಬೇಡಿ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜೋಸೆಫ್ ಆಲೆನ್ ಮತ್ತು ಅವರ ತಂಡದವರು ಹದಿಹರೆಯದವರು ಮತ್ತು ಅಪ್ಪ ಅಮ್ಮಂದಿರ ವಾದವನ್ನು ವರ್ಷಗಟ್ಟಲೆ ಗಮನಿಸಿದ್ದಾರೆ. ಸುರಕ್ಷಿತ ಬಾಂಧವ್ಯ ಇರುವ ಮಕ್ಕಳು ಅಪ್ಪ ಅಮ್ಮನ ಜೊತೆ ವಾದ ಮಾಡದೆ ಇರುವವರಲ್ಲ, ವಾದ ಮಾಡಿಯೂ ಸಂಬಂಧ ಉಳಿಸಿಕೊಳ್ಳುವವರು. ಕೂಗಾಡಿದ ರಾತ್ರಿ ಅವಳು ಪಕ್ಕದಲ್ಲಿ ಬಂದು ಮಲಗದೇ ಇರಬಹುದು. ಮರುದಿನ ಸ್ಕೂಲಿನಿಂದ ಬರುವ ಹೊತ್ತಿಗೆ ನಿಮ್ಮ ಫೋನ್ ಮಾತ್ರ ತಪ್ಪದೆ ಹೋಗಲಿ.